ಡ್ರೈವಿನ ಕೀಪ್ಯಾಡು: ಒತ್ತುವ ಮೊದಲು ಬರೆಯಿರಿ

ಪಾಳಿ ಮುಗಿಸಿ ಸಂಜೆ ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಹಲವರು ಭಿವಂಡಿ, ಅಂಬರನಾಥ, ತಳೋಜ ಮುಂತಾದ ಕಡೆಯ ಕಾರಖಾನೆಗಳಲ್ಲಿ ದುಡಿಯುವವರು. ಅವರಲ್ಲಿ ಒಬ್ಬರಲ್ಲ ಒಬ್ಬರು ನಮ್ಮನ್ನು ಕೇಳುವುದುಂಟು: "ಅಣ್ಣಾರ, ಮೋಟಾರಿನ ಡಬ್ಬಿಮ್ಯಾಲೆ ಅಂಕಿ ಮಿಣಕ್ತಾವಲ್ಲ, ಅವು ಏನು ಹೇಳ್ತಾವರೀ?" ಈ ಪಾಠವು ಆ ಪ್ರಶ್ನೆಗೆ ಉತ್ತರ.

ಮೊದಲೇ ಒಪ್ಪಿಕೊಳ್ಳುತ್ತೇವೆ, ನಾವು ಇಂಜಿನಿಯರರಲ್ಲ. ಮೆಟ್ರಿಕ್ ಮುಗಿಸಿ, ಗಿರಣಿಯಲ್ಲಿ ಹಾಜರಿ ಪಟ್ಟಿಯನ್ನೂ ಕೂಲಿಯ ಲೆಕ್ಕವನ್ನೂ ಬರೆಯುವ ಗುಮಾಸ್ತರು. ಗುಮಾಸ್ತನಿಗೂ ಡ್ರೈವಿಗೂ ಏನು ಸಂಬಂಧ ಎಂದು ತಿಳಿದವರು ನಗಬಹುದು. ಸಂಬಂಧ ಕಟ್ಟಿಕೊಟ್ಟದ್ದು ಒಂದು ರಾತ್ರಿಯ ಸಂಗತಿ.

ಒಂದು ರಾತ್ರಿ

ನಮ್ಮ ಗಿರಣಿಯ ಮಗ್ಗದ ಖಾತೆಯಲ್ಲಿ ಗಾಳಿಗೆ ತೇವ ಕೊಡುವ ದೊಡ್ಡ ಫ್ಯಾನೊಂದಿದೆ. ಗಾಳಿ ಒಣಗಿದರೆ ಹಾಸಿನ ಎಳೆಗಳು ಪಟಪಟನೆ ಹರಿಯುತ್ತವೆ, ಮಗ್ಗ ನಿಲ್ಲುತ್ತದೆ. ನೇಕಾರರಿಗೆ ಮೀಟರಿನ ಲೆಕ್ಕದ ಕೂಲಿಯಾದ್ದರಿಂದ ಮಗ್ಗ ನಿಂತಷ್ಟು ಹೊತ್ತು ಅವರ ಕೈಗೆ ಕಾಸಿಲ್ಲ.

ಚಳಿಗಾಲದ ಒಂದು ರಾತ್ರಿ ಪಾಳಿಯಲ್ಲಿ ಆ ಫ್ಯಾನಿನ ಡ್ರೈವು ಕೆಟ್ಟಿತು. ಉಗ್ರಾಣದಲ್ಲಿ ಅದೇ ಅಳತೆಯ ಇನ್ನೊಂದಿತ್ತು. ಅದು ಮೊದಲು ಒಂದು ಚಿಕ್ಕ ಪಂಪನ್ನು ಓಡಿಸುತ್ತಿದ್ದುದು. ವಾಯರಮನ್ನೂ ಅವರ ಕೈಕೆಳಗಿನ ಒಬ್ಬ ಹುಡುಗನೂ ಕೂಡಿ ಅದನ್ನು ಜೋಡಿಸಿದರು. ಫ್ಯಾನು ಹೊರಟಿತು, ಆದರೆ ವೇಗ ಏರದು, ಸ್ವಲ್ಪ ಹೊತ್ತಿಗೆ ನಿಂತೂ ಹೋಗುವುದು. ಆಗ ಶುರುವಾಯಿತು ಗುಂಡಿ ಒತ್ತುವ ಕೆಲಸ. ವಾಯರಮನ್ನರು ಒಂದು ಅಂಕಿ ತಿದ್ದಿದರು, ಜಾಬರರು ಮತ್ತೊಂದು ಹೇಳಿದರು, ಫೋನಿನಲ್ಲಿ ಯಾರೋ ಮೂರನೆಯದನ್ನು ಹೇಳಿದರು. ಬೆಳಗಾಗುವ ಹೊತ್ತಿಗೆ ಮೊದಲು ಒಳಗೆ ಏನಿತ್ತು, ಯಾರು ಏನು ಬದಲಿಸಿದರು ಎಂಬುದು ಯಾರಿಗೂ ನೆನಪಿರಲಿಲ್ಲ.

ಬೆಳಿಗ್ಗೆ ಇಂಜಿನಿಯರರು ಬಂದು ಅರ್ಧ ಗಂಟೆಯೊಳಗೆ ಸರಿಮಾಡಿದರು. ಮೂಲದ ತಪ್ಪು ಒಂದೇ ಆಗಿತ್ತು. ಫ್ಯಾನಿನ ಮೋಟಾರು 11 ಆಂಪಿಯರಿನದು. ಡ್ರೈವಿನ ಹೊಟ್ಟೆಯೊಳಗೆ ಹಳೆಯ ಪಂಪಿನ 5 ಆಂಪಿಯರೇ ಉಳಿದುಕೊಂಡಿತ್ತು. ತನ್ನ ಮೋಟಾರು ಚಿಕ್ಕದೆಂದು ನಂಬಿದ ಡ್ರೈವು ಅದನ್ನು ಕಾಪಾಡಲೆಂದು ಮತ್ತೆಮತ್ತೆ ನಿಲ್ಲಿಸುತ್ತಿತ್ತು.

ಕೊನೆಗೆ ಗುಂಡಿ ಒತ್ತಿದವನು ಆ ಹುಡುಗನಾದ್ದರಿಂದ ದೂರು ಅವನ ಮೇಲೆಯೇ ಬಂತು. "ನಾನು ಮುಟ್ಟೂದ್ಕಿಂತ ಮೊದಲ ಕೆಟ್ಟಿತ್ತರೀ" ಎಂದ. ನಿಜವೇ. ಆದರೆ ಅದನ್ನು ಹೇಳುವ ಒಂದು ಚೀಟಿಯೂ ಇರಲಿಲ್ಲ. ಮರುತಿಂಗಳು ಅವನು ಕೆಲಸ ಬಿಟ್ಟು ಹೋದ. ಆ ರಾತ್ರಿಯ ನೇಕಾರರ ಕಡಿಮೆ ಮೀಟರುಗಳನ್ನೂ, ಹುಡುಗನ ಕೊನೆಯ ಸಂಬಳವನ್ನೂ ಪಟ್ಟಿಯಲ್ಲಿ ಬರೆದ ಕೈ ನಮ್ಮದೇ. ಅಂದಿನಿಂದ ನಾವು ಇಂಜಿನಿಯರರ ಬೆನ್ನು ಹತ್ತಿ, ಕೈಪಿಡಿ ತಿರುವಿ, ಕೇಳಿ ಕೇಳಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಡ್ರೈವು ಮಾಡುವ ಕೆಲಸವೇನು?

ಗಿರಣಿಯ ಸಾಮಾನ್ಯ ಮೂರು ಫೇಸಿನ ಮೋಟಾರಿನ ವೇಗವು ಕರೆಂಟಿನ ಆವರ್ತನವನ್ನು, ಅಂದರೆ ಹರ್ಟ್ಸನ್ನು ಅವಲಂಬಿಸಿದೆ. ಲೆಕ್ಕ ಸುಲಭ: 120 ನ್ನು ಹರ್ಟ್ಸಿನಿಂದ ಗುಣಿಸಿ, ಮೋಟಾರಿನ ಪೋಲುಗಳ ಸಂಖ್ಯೆಯಿಂದ ಭಾಗಿಸಬೇಕು. ನಾಲ್ಕು ಪೋಲಿನ ಮೋಟಾರಿಗೆ 50 ಹರ್ಟ್ಸಿನಲ್ಲಿ ನಿಮಿಷಕ್ಕೆ 1500 ಸುತ್ತು ಬರುತ್ತದೆ. ಹೊರೆ ಎಳೆಯುವಾಗ ಮೋಟಾರು ಸ್ವಲ್ಪ ಹಿಂದೆ ಬೀಳುವುದರಿಂದ ಅದರ ಮೇಲೆ 1440 ಎಂದೋ 1450 ಎಂದೋ ಬರೆದಿರುತ್ತದೆ. ನಮ್ಮ ದೇಶದ ಲೈನಿನಲ್ಲಿ ಬರುವುದು 50 ಹರ್ಟ್ಸ್. ಆದ್ದರಿಂದ ನೇರವಾಗಿ ಲೈನಿಗೆ ಕಟ್ಟಿದ ಮೋಟಾರಿಗೆ ಒಂದೇ ವೇಗ.

ಡ್ರೈವು ಈ ಕಟ್ಟನ್ನು ಬಿಡಿಸುತ್ತದೆ. ಬಂದ ಎ.ಸಿ. ಕರೆಂಟನ್ನು ಮೊದಲು ಡಿ.ಸಿ. ಮಾಡಿ, ಕೆಪಾಸಿಟರುಗಳಲ್ಲಿ ಕೂಡಿಟ್ಟು, ಅದನ್ನು ಮತ್ತೆ ನಮಗೆ ಬೇಕಾದ ಹರ್ಟ್ಸಿನ ಎ.ಸಿ.ಯಾಗಿ ಮೋಟಾರಿಗೆ ಕಳಿಸುತ್ತದೆ. ಹರ್ಟ್ಸು ಇಳಿಸಿದಂತೆ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತದೆ. 50 ಹರ್ಟ್ಸಿಗೆ 415 ವೋಲ್ಟು ಆದರೆ 25 ಹರ್ಟ್ಸಿಗೆ ಸುಮಾರು 207. ಹಾಗೆ ಮಾಡದಿದ್ದರೆ ಮೋಟಾರು ಹೆಚ್ಚು ಕರೆಂಟು ಕುಡಿದು ಕಾಯುತ್ತದೆ.

ಲಾಭವೂ ದೊಡ್ಡದು. ಫ್ಯಾನಿಗೆ ಬೇಕಾಗುವ ಶಕ್ತಿಯು ವೇಗದ ಘನಕ್ಕೆ ತಕ್ಕಂತೆ ಇರುತ್ತದೆ. 50 ರ ಬದಲು 40 ಹರ್ಟ್ಸಿನಲ್ಲಿ ಓಡಿಸಿದರೆ ವೇಗ ಹತ್ತರಲ್ಲಿ ಎಂಟು ಪಾಲು. ಶಕ್ತಿಯೋ ಹೆಚ್ಚುಕಡಿಮೆ ಅರ್ಧ. ಇದೇ ಲೆಕ್ಕ ತಿರುಗಿಯೂ ಬೀಳುತ್ತದೆ. ಹುಮ್ಮಸ್ಸಿನಿಂದ 55 ಹರ್ಟ್ಸಿಗೆ ಏರಿಸಿದರೆ ಹೊರೆ ಮೂರನೆಯ ಒಂದು ಪಾಲು ಹೆಚ್ಚುತ್ತದೆ.

ಮುಟ್ಟುವ ಮೊದಲು

1. ಮೇಲಿನವರ ಅಪ್ಪಣೆಯಿಲ್ಲದೆ ಗುಂಡಿ ಒತ್ತಬೇಡಿ. ಗೊತ್ತಿದೆ ಎಂಬುದು ಅಪ್ಪಣೆಯಲ್ಲ.

2. ಮುಚ್ಚಳ ತೆಗೆಯುವುದೂ ತಂತಿ ಬಿಗಿಯುವುದೂ ಎಲೆಕ್ಟ್ರಿಶಿಯನ್ನರ ಕೆಲಸ. ಮೇನ್ ಸ್ವಿಚ್ಚು ತೆಗೆದರೂ ಒಳಗಿನ ಕೆಪಾಸಿಟರುಗಳಲ್ಲಿ ಜೀವ ತೆಗೆಯುವಷ್ಟು ಡಿ.ಸಿ. ಉಳಿದಿರುತ್ತದೆ. 415 ವೋಲ್ಟಿನ ಲೈನಿಗೆ ಅದು 580 ವೋಲ್ಟನ್ನು ಮೀರುತ್ತದೆ. ನಾವು ಮುಂದೆ ಹೇಳುವ ಡ್ರೈವಿಗೆ ಐದು ನಿಮಿಷ ಕಾಯಬೇಕೆಂದು ತಯಾರಕರೇ ಹೇಳುತ್ತಾರೆ. ಬೇರೆ ಮಾದರಿಗೆ ಅದರ ಮೈಮೇಲೆ ಬರೆದಷ್ಟು ಕಾಯಬೇಕು. ಗಡಿಯಾರ ನೋಡಿ ಕಾಯಿರಿ, ಅಂದಾಜಿನಲ್ಲಲ್ಲ.

3. ಮೋಟಾರು ನಿಂತಿದೆ ಎಂದರೆ ಕರೆಂಟು ಇಲ್ಲ ಎಂದು ಅರ್ಥವಲ್ಲ. ಕೀಪ್ಯಾಡಿನಲ್ಲಿ ನಿಲ್ಲಿಸಿದ ಮೋಟಾರಿನ ತಂತಿಗಳಲ್ಲಿಯೂ ಅಪಾಯಕರ ವೋಲ್ಟೇಜು ಇರಬಹುದು. ಹೊರಗಿನ ಸ್ವಿಚ್ಚಿನಿಂದ ನಡೆಯುವ ಯಂತ್ರ ತಾನಾಗಿಯೇ ಹೊರಡಲೂಬಹುದು.

ನೇಮ್‌ಪ್ಲೇಟೇ ಮೂಲ ದಾಖಲೆ

ಕೀಪ್ಯಾಡಿಗೆ ಹೋಗುವ ಮೊದಲು ಮೋಟಾರಿನ ಬಳಿ ಹೋಗಿ. ಅದರ ಬೆನ್ನಿನ ಮೇಲೆ ಒಂದು ಲೋಹದ ತಗಡು ಇದೆ. ಎಣ್ಣೆಯನ್ನೂ ಧೂಳನ್ನೂ ಒರೆಸಿ ಐದು ಅಂಕಿಗಳನ್ನು ಬರೆದುಕೊಳ್ಳಿ: ವೋಲ್ಟು, ಆಂಪಿಯರು, ಕಿಲೋವ್ಯಾಟು, ಹರ್ಟ್ಸು, ನಿಮಿಷಕ್ಕೆ ಸುತ್ತು. ಉದಾಹರಣೆಗೆ 415 ವೋಲ್ಟು, 11 ಆಂಪಿಯರು, 5.5 ಕಿಲೋವ್ಯಾಟು, 50 ಹರ್ಟ್ಸು, 1440 ಸುತ್ತು ಎಂದಿರಲಿ.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಒಂದು, ತಗಡಿನಲ್ಲಿ ಹಾರ್ಸ್‌ಪವರೂ ಇರುತ್ತದೆ. 7.5 ಹಾರ್ಸ್‌ಪವರೆಂದರೆ 5.5 ಕಿಲೋವ್ಯಾಟು. ಡ್ರೈವು ಕಿಲೋವ್ಯಾಟು ಕೇಳುವಾಗ 7.5 ಬರೆದರೆ ತಪ್ಪು. ಎರಡು, ಒಂದೇ ಮೋಟಾರಿಗೆ ಸ್ಟಾರ್, ಡೆಲ್ಟಾ ಎಂದು ಎರಡು ಬಗೆಯ ಜೋಡಣೆಗೆ ಎರಡು ಜೊತೆ ಅಂಕಿಗಳು ಇರಬಹುದು. ಈಗ ಯಾವ ಜೋಡಣೆಯಾಗಿದೆಯೋ ಅದರ ವೋಲ್ಟು, ಅದರ ಆಂಪಿಯರನ್ನೇ ತೆಗೆದುಕೊಳ್ಳಬೇಕು. ತಿಳಿಯದಿದ್ದರೆ ಎಲೆಕ್ಟ್ರಿಶಿಯನ್ನರನ್ನು ಕೇಳಿ.

ಕೀಪ್ಯಾಡಿನ ಗುಂಡಿಗಳು

ಪಾಠಕ್ಕೆ ಒಂದು ಮಾದರಿ ಬೇಕಾದ್ದರಿಂದ ಸೀಮೆನ್ಸ್ ಕಂಪನಿಯ ಮೈಕ್ರೋಮಾಸ್ಟರ್ 420 ನ್ನು ಆರಿಸಿಕೊಂಡಿದ್ದೇವೆ. ಅದು ಈಗ ಹಳೆಯ ಮಾದರಿ. ಆದರೂ ಇದರಲ್ಲಿ ಕಲಿತದ್ದು ವ್ಯರ್ಥವಾಗದು. ಅದೇ ಕಂಪನಿಯ ಈಚಿನ ಸಿನಾಮಿಕ್ಸ್ ವಿ 20 ರಲ್ಲಿಯೂ ಮುಖ್ಯ ಸಂಖ್ಯೆಗಳು ಇವೇ.

ಅದರ ಸಾದಾ ಕೀಪ್ಯಾಡಿನಲ್ಲಿ ಹಸಿರು ಗುಂಡಿ ಓಡಿಸಲು, ಕೆಂಪು ಗುಂಡಿ ನಿಲ್ಲಿಸಲು. ತಿರುಗುವ ದಿಕ್ಕು ಬದಲಿಸಲು ಒಂದು, ಒತ್ತಿದಷ್ಟು ಹೊತ್ತು ಮಾತ್ರ ಮೆಲ್ಲನೆ ತಿರುಗಿಸಲು ಇನ್ನೊಂದು ಇವೆ. ನಮ್ಮ ಪಾಠಕ್ಕೆ ಬೇಕಾದವು ಉಳಿದ ನಾಲ್ಕು: ಮೇಲಿನ ಬಾಣ, ಕೆಳಗಿನ ಬಾಣ, 'ಪಿ' ಮತ್ತು 'ಎಫ್‌ಎನ್'.

ಗುಮಾಸ್ತರ ಭಾಷೆಯಲ್ಲಿ ಹೇಳುವುದಾದರೆ ಡ್ರೈವಿನ ಹೊಟ್ಟೆ ಒಂದು ಖಾತೆ ಪುಸ್ತಕ. ಪ್ರತಿ ಬಾಬಿಗೂ ಒಂದು ಪುಟ ಸಂಖ್ಯೆ, ಪ್ರತಿ ಪುಟದಲ್ಲಿ ಒಂದು ಅಂಕಿ. ಪುಟ ಸಂಖ್ಯೆಗೆ ಪ್ಯಾರಾಮೀಟರು ಎಂದು ಹೆಸರು. 'ಪಿ' ಅಕ್ಷರದಿಂದ ಶುರುವಾಗುವ ಪುಟಗಳಲ್ಲಿ ನಾವು ಬರೆಯಬಹುದು. 'ಆರ್' ಅಕ್ಷರದವು ಓದಲು ಮಾತ್ರ, ಬ್ಯಾಂಕಿನ ಪಾಸುಪುಸ್ತಕದಂತೆ.

ಬರೆಯುವ ಕ್ರಮ ಹೀಗೆ. 'ಪಿ' ಒತ್ತಿದರೆ ಪುಟ ಸಂಖ್ಯೆ ಕಾಣುತ್ತದೆ. ಬಾಣಗಳಿಂದ ಬೇಕಾದ ಪುಟಕ್ಕೆ ಹೋಗಿ. ಮತ್ತೆ 'ಪಿ' ಒತ್ತಿದರೆ ಪುಟ ತೆರೆದು ಒಳಗಿನ ಅಂಕಿ ಕಾಣುತ್ತದೆ. ಅದನ್ನು ಬಾಣಗಳಿಂದ ತಿದ್ದಿ, ಮೂರನೆಯ ಬಾರಿ 'ಪಿ' ಒತ್ತಿದರೆ ಬರೆದದ್ದು ಕೂತಿತು. ದೊಡ್ಡ ಅಂಕಿಯನ್ನು ಬಾಣದಿಂದಲೇ ಏರಿಸುತ್ತ ಕೂರಬೇಕಿಲ್ಲ. ಪುಟ ತೆರೆದಾಗ 'ಎಫ್‌ಎನ್' ಒತ್ತಿದರೆ ಬಲಗಡೆಯ ಒಂದು ಸ್ಥಾನ ಮಿಣುಕುತ್ತದೆ. ಅದನ್ನು ತಿದ್ದಿ ಮತ್ತೆ 'ಎಫ್‌ಎನ್' ಒತ್ತಿದರೆ ಮುಂದಿನ ಸ್ಥಾನ. ಶಾಲೆಯಲ್ಲಿ ಕಲಿತ ಬಿಡಿ, ಹತ್ತು, ನೂರರ ಪಾಠವೇ ಇದು. ಇಂಗ್ಲಿಷ್ ಬಾರದೆಂದು ಹಿಂಜರಿಯುವ ಬಂಧುಗಳು ಗಮನಿಸಬೇಕು, ಇಲ್ಲಿ ಓದಬೇಕಾದುದು ಹೆಚ್ಚಾಗಿ ಅಂಕಿಗಳನ್ನೇ.

ಅಂಕಿ ಕೂರಿಸುವ ಕ್ರಮ

ಮೊದಲ ಹೆಜ್ಜೆ. ಹಳೆಯ ಅಂಕಿಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಳ್ಳಿ. ಅಳಿಸಿದ ಮೇಲೆ ಅವು ಮರಳಿ ಬಾರವು.

ಎರಡನೆಯ ಹೆಜ್ಜೆ. ಬೇರೆ ಯಂತ್ರದಿಂದ ತಂದ ಡ್ರೈವಾದರೆ ಹಳೆಯ ಲೆಕ್ಕವನ್ನು ಅಳಿಸಿ. ಪಿ 0010 ರಲ್ಲಿ 30, ಆಮೇಲೆ ಪಿ 0970 ರಲ್ಲಿ 1. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಪುಟಗಳೂ ಕಾರಖಾನೆಯಿಂದ ಬಂದಾಗ ಇದ್ದ ಸ್ಥಿತಿಗೆ ಮರಳುತ್ತವೆ. ಆ ರಾತ್ರಿ ನಮ್ಮವರು ಬಿಟ್ಟದ್ದು ಇಂಥ ಹೆಜ್ಜೆಯನ್ನೇ.

ಮೂರನೆಯ ಹೆಜ್ಜೆ. ಪಿ 0010 ರಲ್ಲಿ 1 ಬರೆಯಿರಿ. ಈಗ ಅನಾವಶ್ಯಕ ಪುಟಗಳು ಮರೆಯಾಗಿ ಬೇಕಾದವು ಮಾತ್ರ ಸಾಲಾಗಿ ಬರುತ್ತವೆ. ಪಿ 0100 ರಲ್ಲಿ 0 ಇರಬೇಕು. ಕಿಲೋವ್ಯಾಟು ಮತ್ತು 50 ಹರ್ಟ್ಸಿನ ಲೆಕ್ಕ ಎಂದು ಅದರ ಅರ್ಥ.

ನಾಲ್ಕನೆಯ ಹೆಜ್ಜೆ. ನೇಮ್‌ಪ್ಲೇಟಿನ ಐದು ಅಂಕಿಗಳು:
ಪಿ 0304: ವೋಲ್ಟು, 415.
ಪಿ 0305: ಆಂಪಿಯರು, 11.
ಪಿ 0307: ಕಿಲೋವ್ಯಾಟು, 5.5.
ಪಿ 0310: ಹರ್ಟ್ಸು, 50.
ಪಿ 0311: ಸುತ್ತು, 1440.

ಇವುಗಳಲ್ಲಿ ಆಂಪಿಯರಿನ ಪುಟ ಮೋಟಾರಿನ ಕಾವಲುಗಾರ. ಕಡಿಮೆ ಬರೆದರೆ ನಮ್ಮ ಫ್ಯಾನಿನಂತೆ ಕಾರಣವಿಲ್ಲದೆ ನಿಲ್ಲುತ್ತದೆ. ಹೆಚ್ಚು ಬರೆದರೆ ಇನ್ನೂ ಕೇಡು. ಮೋಟಾರು ಸುಡುತ್ತಿದ್ದರೂ ಕಾವಲುಗಾರ ಮಲಗಿರುತ್ತಾನೆ. ಯಂತ್ರ ನಿಲ್ಲಬಾರದೆಂದು ಈ ಅಂಕಿಯನ್ನು ಏರಿಸಿಡುವವರಿದ್ದಾರೆ. ಯಾರು ಹೇಳಿದರೂ ಆ ಕೆಲಸ ಮಾಡಬೇಡಿ.

ಐದನೆಯ ಹೆಜ್ಜೆ. ಆಜ್ಞೆ ಯಾರದು? ಪಿ 0700 ರಲ್ಲಿ 1 ಇದ್ದರೆ ಕೀಪ್ಯಾಡಿನ ಹಸಿರು, ಕೆಂಪು ಗುಂಡಿಗಳ ಮಾತು ನಡೆಯುತ್ತದೆ. 2 ಇದ್ದರೆ ಹೊರಗಿನಿಂದ ತಂತಿ ಎಳೆದ ಸ್ವಿಚ್ಚಿನ ಮಾತು. ಕಾರಖಾನೆಯಿಂದ ಬರುವಾಗ 2 ಇರುತ್ತದೆ. ಆದುದರಿಂದಲೇ ಹೊಸ ಡ್ರೈವಿನ ಹಸಿರು ಗುಂಡಿಯನ್ನು ಎಷ್ಟು ಒತ್ತಿದರೂ ಮೋಟಾರು ಕದಲುವುದಿಲ್ಲ. ಡ್ರೈವು ಕೆಟ್ಟಿದೆ ಎಂದು ಹಿಂದಿರುಗಿಸಲು ಹೊರಡುವ ಮೊದಲು ಈ ಪುಟ ನೋಡಿ. ಹಾಗೆಯೇ ಪಿ 1000 ವೇಗ ಹೇಳುವವರಾರು ಎಂಬುದನ್ನು ತಿಳಿಸುತ್ತದೆ: 1 ಆದರೆ ಕೀಪ್ಯಾಡಿನ ಬಾಣಗಳು, 2 ಆದರೆ ಹೊರಗಿನ ತಿರುಪು.

ಆರನೆಯ ಹೆಜ್ಜೆ. ವೇಗದ ಎಲ್ಲೆ. ಪಿ 1080 ಕನಿಷ್ಠ ಹರ್ಟ್ಸು, ಪಿ 1082 ಗರಿಷ್ಠ ಹರ್ಟ್ಸು. ಗರಿಷ್ಠವನ್ನು 50 ಕ್ಕೆ ನಿಲ್ಲಿಸಿ. ಕನಿಷ್ಠವನ್ನು ತೀರ ಕೆಳಗೆ ಬಿಡಬಾರದು. ಮೋಟಾರಿನ ಬೆನ್ನಿಗೆ ಗಾಳಿ ಹಾಕುವ ಅದರದೇ ಚಿಕ್ಕ ಫ್ಯಾನು ಅದರ ಜೊತೆಗೇ ನಿಧಾನವಾಗುವುದರಿಂದ, ತುಂಬ ಕಡಿಮೆ ವೇಗದಲ್ಲಿ ಹೊರೆ ಎಳೆದರೆ ಮೋಟಾರು ಕಾಯುತ್ತದೆ. ಎಷ್ಟು ಇಡಬೇಕೆಂಬುದನ್ನು ಯಂತ್ರ ಬಲ್ಲವರು ಹೇಳಬೇಕು.

ಏಳನೆಯ ಹೆಜ್ಜೆ. ಏರುವ ಹೊತ್ತು, ಇಳಿಯುವ ಹೊತ್ತು. ಪಿ 1120 ಎಂದರೆ ಸೊನ್ನೆಯಿಂದ ಗರಿಷ್ಠ ವೇಗಕ್ಕೆ ಏರಲು ಹಿಡಿಯುವ ಸೆಕೆಂಡುಗಳು, ಪಿ 1121 ಎಂದರೆ ಇಳಿಯಲು ಹಿಡಿಯುವವು. ಎರಡೂ 10 ಎಂದು ಬಂದಿರುತ್ತವೆ. ಭಾರವಾದ ಫ್ಯಾನಿಗೆ ಅದು ಸಾಲದು. ಇಳಿಯುವಾಗ ಅವಸರ ಮಾಡಿದರೆ, ಇಳಿಜಾರಿನಲ್ಲಿ ತುಂಬಿದ ಗಾಡಿ ಎತ್ತುಗಳನ್ನೇ ತಳ್ಳುವಂತೆ, ಫ್ಯಾನು ಮೋಟಾರನ್ನು ತಳ್ಳುತ್ತದೆ. ಮೋಟಾರು ಆಗ ಕರೆಂಟು ಹುಟ್ಟಿಸುವ ಜನರೇಟರಾಗಿ ಡ್ರೈವಿನ ಕೆಪಾಸಿಟರುಗಳಲ್ಲಿ ವೋಲ್ಟೇಜು ಉಕ್ಕುತ್ತದೆ. ಹೊತ್ತು ಹೆಚ್ಚಿಸುವುದೇ ಮದ್ದು.

ಕೊನೆಯ ಹೆಜ್ಜೆ. ಪಿ 3900 ರಲ್ಲಿ 1 ಬರೆದರೆ ಡ್ರೈವು ತನ್ನ ಲೆಕ್ಕ ಮಾಡಿ ಮುಗಿಸುತ್ತದೆ, ಪಿ 0010 ತಾನಾಗಿ 0 ಆಗುತ್ತದೆ. ಎಚ್ಚರಿಕೆ: ಇಲ್ಲಿ 1 ಎಂದರೆ ಈ ಸಾಲಿನಲ್ಲಿ ಬಾರದ ಉಳಿದ ಪುಟಗಳೆಲ್ಲ ಕಾರಖಾನೆಯ ಸ್ಥಿತಿಗೆ ಹೋಗುತ್ತವೆ. ಅವನ್ನು ಹಾಗೆಯೇ ಉಳಿಸಬೇಕಾದರೆ 3 ಬರೆಯಬೇಕು.

ಆಮೇಲೆ ಕಡಿಮೆ ವೇಗದಲ್ಲಿ ಓಡಿಸಿ ದಿಕ್ಕು ನೋಡಿ. ಉರುಟಾದ ಗೂಡಿನೊಳಗೆ ತಿರುಗುವ ಫ್ಯಾನು ಉಲಟಾ ತಿರುಗಿದರೂ ಸ್ವಲ್ಪ ಗಾಳಿ ಕೊಡುತ್ತದೆ. ಆದ್ದರಿಂದ ಗಾಳಿ ನಂಬದೆ ಬಾಣದ ಗುರುತನ್ನು ನಂಬಿ. ದಿಕ್ಕು ತಪ್ಪಿದ್ದರೆ ಡ್ರೈವಿನಿಂದ ಮೋಟಾರಿಗೆ ಹೋಗುವ ಮೂರು ತಂತಿಗಳಲ್ಲಿ ಎರಡನ್ನು ಎಲೆಕ್ಟ್ರಿಶಿಯನ್ನರು ಅದಲುಬದಲು ಮಾಡಬೇಕು. ಲೈನಿನ ಕಡೆಯ ತಂತಿ ಬದಲಿಸಿದರೆ ದಿಕ್ಕು ಬದಲಾಗುವುದಿಲ್ಲ. ಡ್ರೈವು ಹೇಗೂ ಅದನ್ನು ಡಿ.ಸಿ. ಮಾಡಿಬಿಡುತ್ತದಲ್ಲ!

ನಿಂತಾಗ ಅದು ಹೇಳುವ ಮಾತು

ತೊಂದರೆ ಬಂದರೆ 'ಎಫ್' ಅಕ್ಷರದ ಸಂಖ್ಯೆ ಬರುತ್ತದೆ. ಎಫ್ 0001: ಕರೆಂಟು ಮಿತಿಮೀರಿದೆ, ಕೇಬಲ್ಲು, ಮೋಟಾರು, ಏರುವ ಹೊತ್ತು, ನೇಮ್‌ಪ್ಲೇಟಿನ ಅಂಕಿ ನೋಡಿ. ಎಫ್ 0002: ವೋಲ್ಟೇಜು ಉಕ್ಕಿದೆ, ಇಳಿಯುವ ಹೊತ್ತು ನೋಡಿ. ಎಫ್ 0003: ವೋಲ್ಟೇಜು ಕುಸಿದಿದೆ, ಲೈನು ನೋಡಿ. ಎಫ್ 0004: ಡ್ರೈವೇ ಕಾದಿದೆ, ಗಿರಣಿಗಳಲ್ಲಿ ಹತ್ತಿಯ ಧೂಳು ಅದರ ಗಾಳಿಕಿಂಡಿ ಮುಚ್ಚುವುದು ಸಾಮಾನ್ಯ. ಎಫ್ 0011: ಮೋಟಾರು ಕಾದಿದೆ, ಹೊರೆಯನ್ನೂ ಪಿ 0305 ನ್ನೂ ನೋಡಿ.

'ಎಫ್‌ಎನ್' ಒತ್ತಿದರೆ ಸಂಖ್ಯೆ ಅಳಿಯುತ್ತದೆ. ಆದರೆ ಅಳಿಸುವ ಮೊದಲು ಬರೆದುಕೊಳ್ಳಿ. ಎರಡು ಸಲ ಮರಳಿ ಬಂದರೆ ಮೂರನೆಯ ಸಲ ಅಳಿಸದೆ ಕಾರಣ ಹುಡುಕಿ. ಓಡುತ್ತಿರುವಾಗ 'ಎಫ್‌ಎನ್' ಗುಂಡಿಯನ್ನು ಎರಡು ಸೆಕೆಂಡು ಹಿಡಿದರೆ ಒಳಗಿನ ಡಿ.ಸಿ. ವೋಲ್ಟು, ಹೋಗುತ್ತಿರುವ ಆಂಪಿಯರು, ಹರ್ಟ್ಸು, ಹೊರಡುವ ವೋಲ್ಟು ಒಂದಾದ ಮೇಲೊಂದು ಕಾಣುತ್ತವೆ. ದಿನಕ್ಕೊಮ್ಮೆ ಆಂಪಿಯರನ್ನು ಬರೆದಿಟ್ಟರೆ, ಹೊರೆ ಹೆಚ್ಚುತ್ತಿರುವುದು ಕೆಡುವ ಮೊದಲೇ ತಿಳಿಯುತ್ತದೆ.

ಬೇರೆ ಕಂಪನಿಯದಾದರೆ?

ಪುಟ ಸಂಖ್ಯೆ ಬೇರೆಯಾಗುತ್ತದೆ, ಬಾಬು ಅದೇ. ಎ.ಬಿ.ಬಿ. ಕಂಪನಿಯ ಎ.ಸಿ.ಎಸ್. 550 ರಲ್ಲಿ 9905 ವೋಲ್ಟು, 9906 ಆಂಪಿಯರು, 9907 ಹರ್ಟ್ಸು, 9908 ಸುತ್ತು, 9909 ಶಕ್ತಿ. ಏರುವ ಹೊತ್ತು 2202, ಇಳಿಯುವ ಹೊತ್ತು 2203. ಯಾವ ಡ್ರೈವೇ ಆಗಲಿ, ಅದು ಕೇಳುವುದು ನಾಲ್ಕೇ ಮಾತು: ನಿನ್ನ ಮೋಟಾರು ಎಂಥದು? ಆಜ್ಞೆ ಯಾರದು? ವೇಗದ ಎಲ್ಲೆ ಎಲ್ಲಿ? ಏರಲು ಇಳಿಯಲು ಎಷ್ಟು ಹೊತ್ತು? ಈ ನಾಲ್ಕನ್ನು ಮನಸ್ಸಿನಲ್ಲಿಟ್ಟುಕೊಂಡು ಕೈಪಿಡಿ ತೆರೆದರೆ ಹೆದರಿಕೆ ಅರ್ಧ ಇಳಿಯುತ್ತದೆ.

ಒಂದು ನೋಟುಬುಕ್ಕು

ಕೊನೆಗೆ, ಈ ಪಾಠದಲ್ಲಿ ಮರೆಯಬಾರದ ಒಂದು ಮಾತು. ಪ್ರತಿ ಡ್ರೈವಿಗೂ ನೋಟುಬುಕ್ಕಿನಲ್ಲಿ ಒಂದು ಹಾಳೆ ಇಡಿ. ಮೇಲೆ ಯಂತ್ರದ ಹೆಸರು ಮತ್ತು ನೇಮ್‌ಪ್ಲೇಟಿನ ಐದು ಅಂಕಿ. ಕೆಳಗೆ ಐದು ಕಲಮು: ತಾರೀಖು ಮತ್ತು ಹೊತ್ತು, ಪುಟ ಸಂಖ್ಯೆ, ಹಳೆಯ ಅಂಕಿ, ಹೊಸ ಅಂಕಿ, ಹೇಳಿದವರು ಮತ್ತು ಒತ್ತಿದವರ ಸಹಿ. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ, ಓಡಿಸಿ ನೋಡಿ, ಫಲವಿಲ್ಲದಿದ್ದರೆ ಹಳೆಯ ಅಂಕಿಯನ್ನು ಮರಳಿ ಕೂರಿಸಿ, ಆಮೇಲೆ ಮುಂದಿನದು. ಎರಡು ರೂಪಾಯಿಯ ಪೆನ್ನಿನ ಕೆಲಸ ಇದು.

ಇದು ಯಂತ್ರಕ್ಕಾಗಿ ಮಾತ್ರವಲ್ಲ. ದೊಡ್ಡವರ ಮಾತಿಗೆ ಸಾಕ್ಷಿ ಬೇಕಾಗುವುದಿಲ್ಲ. ನಮ್ಮಂಥವರ ಮಾತಿಗೆ ಬೇಕು. ಆ ಹುಡುಗನ ಕೈಯಲ್ಲಿ ಅಂದು ಇಂಥ ಒಂದು ಹಾಳೆ ಇದ್ದಿದ್ದರೆ, 5 ಎಂಬ ಅಂಕಿ ಅವನು ಮುಟ್ಟುವ ಮೊದಲೇ ಅಲ್ಲಿತ್ತು ಎಂಬುದನ್ನು ಅದೇ ಹೇಳುತ್ತಿತ್ತು. ಈಗ ನಮ್ಮ ಗಿರಣಿಯ ಪ್ರತಿ ಪ್ಯಾನಲಿನ ಬಾಗಿಲಿಗೆ ದಾರದಲ್ಲಿ ಕಟ್ಟಿದ ಒಂದು ನೋಟುಬುಕ್ಕು ತೂಗುತ್ತದೆ. ಅವನಿಗೆ ಅದರಿಂದ ಏನೂ ಆಗಲಿಲ್ಲ. ಅವನ ಜಾಗಕ್ಕೆ ಬಂದವನು ಮಾತ್ರ ದಿನವೂ ಅದರಲ್ಲಿ ಬರೆಯುತ್ತಾನೆ.

ಖಾಲಿ ಹಾಳೆಯ ಮಾದರಿಯೊಂದನ್ನು ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇವೆ. ಬೇಕಾದವರು ನಕಲು ಮಾಡಿಕೊಳ್ಳಬಹುದು. ತಮ್ಮ ಯಂತ್ರದ ನೇಮ್‌ಪ್ಲೇಟಿನ ಅಂಕಿಗಳನ್ನು ಬರೆದು ತಂದರೆ ರವಿವಾರ ಸಂಜೆ ಕೂಡಿ ಕೂತು ಓದೋಣ. ನಾವು ತಿಳಿಯದೆ ತಪ್ಪಿದಲ್ಲಿ ತಿಳಿದ ಬಂಧುಗಳು ತಿದ್ದಬೇಕೆಂದು ಬೇಡುತ್ತೇವೆ.